ಟಾಟಾ ನಮ್ಮ ಸೊಸೆಗೆ ಏನಾಗಬೇಕು?

ಪ್ರಶ್ನೆ: ನಮ್ಮ ಸೊಸೆ ಹುಟ್ಟಿ ಬೆಳೆದದ್ದು ಜಮ್‌ಶೆಡ್‌ಪುರದಲ್ಲಿ. ಅವಳ ಅಪ್ಪ ಅಲ್ಲಿಯ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು. ಟಾಟಾ ಕಂಪನಿ ಕಟ್ಟಿದ ಜಮ್‌ಶೆಟ್‌ಜಿ ಟಾಟಾ ಅವರ ಹುಟ್ಟುಹಬ್ಬ ಅಂತ ಪ್ರತಿ ಮಾರ್ಚ್ 3ಕ್ಕೆ ಅವಳು ಅವರ ಫೋಟೊಗೆ ಹೂ ಹಾಕುತ್ತಾಳೆ. ‘ಅವರೇನು ನಿನ್ನ ಮುತ್ತಾತನಾ?’ ಅಂತ ಮಗ ರೇಗಿಸುತ್ತಾನೆ. ಅವಳಿಗೆ ಸಿಟ್ಟು ಬರುತ್ತದೆ. ಊರಿಗೆ ಹೆಸರು ಕೊಟ್ಟ ಮನೆತನದ ಕಥೆ ಈಗಿನವರ ಊರಭಿಮಾನಕ್ಕೆ ನಿಜಕ್ಕೂ ಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನಿಮ್ಮ ಮಗನಿಗೆ ಒಂದು ಮಾತು ಹೇಳಿ ತಾಯಿ. ಜಮ್‌ಶೆಟ್‌ಜಿಯವರನ್ನು ಮುತ್ತಾತ ಅನ್ನಲು ಹುಟ್ಟಿದ ಮರಿಮಕ್ಕಳೇ ಇಲ್ಲ. ಅವರ ಗಂಡುಮಕ್ಕಳು ದೊರಾಬ್ಜಿ ಮತ್ತು ರತನ್‌ಜಿ, ಇಬ್ಬರಿಗೂ ಮಕ್ಕಳಾಗಲಿಲ್ಲ. ರತನ್‌ಜಿ 1918ರಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿ ನವಾಜ್‌ಬಾಯಿ, ಪಾರ್ಸಿ ಅನಾಥಾಲಯದಲ್ಲಿದ್ದ ನೇವಲ್ ಎಂಬ ಹುಡುಗನನ್ನು ದತ್ತು ತಗೊಂಡರು. ಆ ನೇವಲ್ ಅವರ ಮಗನೇ ರತನ್ ಟಾಟಾ. ಮುಂದೆ ಕಂಪನಿ ನಡೆಸಿದ ಜೆ.ಆರ್.ಡಿ. ಟಾಟಾ ಬಂದದ್ದು ದಾಯಾದಿಗಳ ಕಡೆಯಿಂದ. ಆ ಮನೆಯೊಳಗೇ ರಕ್ತಸಂಬಂಧ ಅಷ್ಟು ಮುಖ್ಯ ಆಗಲಿಲ್ಲ. ಇನ್ನು ನಿಮ್ಮ ಸೊಸೆಯಿಂದ ವಂಶವೃಕ್ಷ ಕೇಳೋದು ಯಾವ ನ್ಯಾಯ?

ನಾನು ಭದ್ರಾವತಿಯವನು. ಕಬ್ಬಿಣದ ಕೆಲಸದಲ್ಲೇ ಕೂದಲು ಬೆಳ್ಳಗಾಯಿತು. ಹುಡುಗನಾಗಿದ್ದಾಗ ತರಬೇತಿಗೆಂದು ಹೋಗಿ ಜಮ್‌ಶೆಡ್‌ಪುರದ ಕದ್ಮಾ ಬಡಾವಣೆಯಲ್ಲಿ ಇದ್ದೆ. ಅಕ್ಕಪಕ್ಕ ಬಂಗಾಳಿ, ಒಡಿಯಾ, ಬಿಹಾರಿ, ಪಂಜಾಬಿ ಮನೆಗಳು. ಜಮ್‌ಶೆಟ್‌ಜಿ 1839ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದರು ಅನ್ನೋದು ಅವರಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಆದರೆ ಎರಡು ಕಥೆ ಎಲ್ಲರಿಗೂ ಬಾಯಿಪಾಠ. ಒಂದು, ಅಗಲವಾದ ರಸ್ತೆ ಮಾಡಿ, ನೆರಳಿನ ಮರ ನೆಡಿ, ಗುಡಿ, ಮಸೀದಿ, ಚರ್ಚುಗಳಿಗೆ ಜಾಗ ಬಿಡಿ ಅಂತ ಅವರು ಮಗನಿಗೆ ಬರೆದ ಕಾಗದ. ಇನ್ನೊಂದು 1924ರದ್ದು. ಕಾರ್ಖಾನೆಯಲ್ಲಿ ಸಂಬಳ ಕೊಡಲೂ ದುಡ್ಡಿರಲಿಲ್ಲ. ದೊರಾಬ್ಜಿ ತಮ್ಮ ಆಸ್ತಿಯ ಜೊತೆ ಹೆಂಡತಿ ಮೆಹರ್‌ಬಾಯಿಯವರ ಜುಬಿಲಿ ವಜ್ರವನ್ನೂ ಅಡವಿಟ್ಟರು. ಕೊಹಿನೂರ್‌ಗಿಂತ ದೊಡ್ಡ ವಜ್ರ ಅದು. ಪಕ್ಕದ ಮನೆಯ ಒಡಿಯಾ ಅಮ್ಮ ಇದನ್ನು ಹೇಳುವಾಗ ತಮ್ಮ ಕರಿಮಣಿಯನ್ನೇ ಅಡವಿಟ್ಟ ಹಾಗೆ ಹೇಳುತ್ತಿದ್ದರು! ಸಂಬಳ ನಿಂತರೆ ಏನಾಗುತ್ತೆ ಅನ್ನೋದು ಕಾರ್ಖಾನೆ ಊರಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಥೆಗಳು ಉಳಿದದ್ದು ಹೀಗೆ. ಕಾಗದದಲ್ಲಿದ್ದ ರಸ್ತೆಯ ಮೇಲೆ ಅವರು ದಿನಾ ಸೈಕಲ್ ಹೊಡೆಯುತ್ತಿದ್ದರು. ವಜ್ರ ಉಳಿಸಿದ ಕುಲುಮೆಯಿಂದ ಅವರ ಮನೆ ಅನ್ನ ಬೇಯುತ್ತಿತ್ತು.

ತಮಾಷೆ ಏನಂದ್ರೆ, ಜಮ್‌ಶೆಟ್‌ಜಿ ಈ ಊರನ್ನು ನೋಡಲೇ ಇಲ್ಲ. 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಸಾಕ್ಚಿ ಎಂಬ ಹಳ್ಳಿಯ ಜಾಗ ಗೊತ್ತಾದದ್ದು ಆಮೇಲೆ. ಮೊದಲ ಉಕ್ಕು ಬಂದದ್ದು 1912ರಲ್ಲಿ. ಹೆಸರು ಕೊಟ್ಟವರು ಕೂಡ ಊರವರಲ್ಲ, ವೈಸರಾಯ್ ಲಾರ್ಡ್ ಚೆಲ್ಮ್ಸ್‌ಫರ್ಡ್. ಮೊದಲ ಮಹಾಯುದ್ಧಕ್ಕೆ ಕಾರ್ಖಾನೆ ರೈಲುಹಳಿ ಒದಗಿಸಿತು ಅಂತ ಖುಷಿಯಾಗಿ 1919ರಲ್ಲಿ ಇಟ್ಟ ಹೆಸರು. ಊರಿನ ಕಾಳೀಮಾಟಿ ರೈಲ್ವೆ ಸ್ಟೇಷನ್ನು ಟಾಟಾನಗರ ಆಯಿತು. ಈಗ ಆ ಕಡೆಯವರು ಊರನ್ನೇ ಸುಮ್ನೆ ‘ಟಾಟಾ’ ಅಂತಾರೆ.

ಮಗ ಮತ್ತೆ ರೇಗಿಸಿದರೆ ಸೊಸೆ ಹೀಗೂ ಹೇಳಬಹುದು: ನಿಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1927ರಿಂದ 1955ರವರೆಗೆ ನಮ್ಮ ಕಂಪನಿಯ ನಿರ್ದೇಶಕರಾಗಿದ್ದರು. ನೆಹರು 1958ರಲ್ಲಿ ಉದ್ಘಾಟಿಸಿದ ನಮ್ಮ ಜುಬಿಲಿ ಪಾರ್ಕಿಗೆ ನಿಮ್ಮ ಬೃಂದಾವನವೇ ಮಾದರಿ. ಭದ್ರಾವತಿಯ ನಾವು ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕುವಾಗ ಯಾರೂ ಸಂಬಂಧ ಕೇಳೋದಿಲ್ಲ, ಅಲ್ವಾ?

ಹಾಗಂತ ಫೋಟೊಗೆ ಹೂ ಹಾಕಿದರೆ ಮುಗಿಯಿತು ಅಂತ ನಾನು ಹೇಳಲಾರೆ. ಮನೆತನದ ಕಥೆ ಬೇಕು ಅನ್ನುವವರು ಪೂರ್ತಿ ತಗೊಳ್ಳಬೇಕು. ಆ ಕುಟುಂಬದ ಹಳೆಯ ಚೀನಾ ವ್ಯಾಪಾರದಲ್ಲಿ ಹತ್ತಿಯ ಜೊತೆ ಅಫೀಮೂ ಇತ್ತು. ಊರು ಕಟ್ಟಿದ ನೆಲ ಖಾಲಿ ಬಿದ್ದಿರಲಿಲ್ಲ. ಅಲ್ಲಿ ಸಂತಾಲ, ಹೋ, ಭೂಮಿಜರ ಹಳ್ಳಿಗಳಿದ್ದವು. ಮಾರ್ಚ್ 3ರ ದೀಪಾಲಂಕಾರದಲ್ಲಿ ಇವು ಕಾಣೋದು ಕಡಿಮೆ. ಅಷ್ಟು ದೊಡ್ಡ ಊರು, ಆದರೂ ಜನ ಓಟು ಹಾಕಿ ಆರಿಸುವ ನಗರಪಾಲಿಕೆ ಇಲ್ಲ. ನಲ್ಲಿ ನೀರು, ಕರೆಂಟು, ಕಸ ಎಲ್ಲ ಕಂಪನಿಯ ಕಡೆಯಿಂದ. ಚೆನ್ನಾಗಿಯೇ ನಡೆಯುತ್ತೆ, ಅದಕ್ಕೇ ‘ನಮಗೆ ಪಾಲಿಕೆ ಯಾಕೆ’ ಅನ್ನುವವರೂ ಇದ್ದಾರೆ. ಆದರೆ ಕಂಪನಿಯ ಲೀಸ್ ಜಮೀನಿನಲ್ಲಿ ಬೆಳೆದ ಬಸ್ತಿಗಳು, ಅಂದರೆ ಜನ ತಾವೇ ಮನೆ ಕಟ್ಟಿಕೊಂಡ ಕೇರಿಗಳು, ಬೇರೆಯೇ ಮಾತಾಡುತ್ತವೆ. ‘86 ಬಸ್ತಿಗಳಿಗೆ ಮಾಲೀಕತ್ವದ ಹಕ್ಕು ಕೊಡಿ’ ಅನ್ನೋ ಕೂಗು ಚುನಾವಣೆ ಬಂದಾಗೆಲ್ಲ ಏಳುತ್ತದೆ. ನನ್ನ ಪ್ರಕಾರ ಮನೆತನದ ಇತಿಹಾಸ ಇವತ್ತಿಗೂ ಬೇಕಾಗಿರೋದು ಹೆಚ್ಚಾಗಿ ಇಲ್ಲಿ. ಯಾರು ಯಾವಾಗ ಹುಟ್ಟಿದರು ಅನ್ನೋದಕ್ಕಿಂತ, ನೆಲ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದಕ್ಕೆ.

ಮುಂದಿನ ಮಾರ್ಚಿಗೆ ಮಗನನ್ನು ಸೊಸೆಯ ಜೊತೆ ಅಲ್ಲಿಗೇ ಕಳಿಸಿ. ಜುಬಿಲಿ ಪಾರ್ಕಿನ ದೀಪ ನೋಡಲಿ, ಸಾಕ್ಚಿಯ ಕಾಳೀಮಾಟಿ ರಸ್ತೆಯಲ್ಲಿ ಒಂದು ಸುತ್ತು ಹಾಕಲಿ. ಮನೆಗೆ ಬಂದು ಬೀಗರನ್ನು ಕೇಳಲಿ: ‘ಮಾವ, ಕ್ವಾರ್ಟರ್ಸ್ ಬಿಟ್ಟ ಮೇಲೆ ಎಲ್ಲಿ ಮನೆ ಮಾಡಿದಿರಿ? ಜಾಗದ ಪತ್ರ ಯಾರ ಹೆಸರಲ್ಲಿದೆ?’ ಆ ಮಾತು ಶುರುವಾದರೆ ಅವತ್ತು ರಾತ್ರಿ ಊಟ ತಡ ಆಗೋದು ಗ್ಯಾರಂಟಿ.