ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಗರ್ಭಿಣಿಗೆ ಅದು ಬರಬಹುದೇ?

ಬರಬಹುದು, ಮನೆತನದ ಹಿನ್ನೆಲೆ ಹಲವು ಕಾರಣಗಳಲ್ಲಿ ಒಂದು ಮಾತ್ರ. ಗರ್ಭ ಬೆಳೆದಂತೆ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುತ್ತವೆ. ಅದನ್ನು ಸರಿದೂಗಿಸುವಷ್ಟು ಇನ್ಸುಲಿನ್ನನ್ನು ಮೇದೋಜ್ಜೀರಕ ಗ್ರಂಥಿ ಒದಗಿಸಲಾರದೆ ಹೋದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಬಸಿರಾಗುವ ಮೊದಲೇ ತೂಕ ಹೆಚ್ಚಿದ್ದವರು, ಪಿಸಿಒಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವಂಥ ಅಂಡಾಶಯದ ತೊಂದರೆ) ಇರುವವರು, ವಯಸ್ಸು 30 ದಾಟಿದವರು, ಹೆತ್ತವರಿಗೋ ಒಡಹುಟ್ಟಿದವರಿಗೋ ಮಧುಮೇಹ ಇರುವವರು, ಹಿಂದಿನ ಮಗು 4 ಕಿಲೋ ಮೀರಿ ಹುಟ್ಟಿದ್ದವರು (ಮಗು ದುಂಡಗಿದೆಯೆಂದು ನಾವು ಹಿಗ್ಗುವುದೇ ಹೆಚ್ಚು) ವಿಶೇಷ ಎಚ್ಚರ ವಹಿಸಬೇಕು. ಇವೆಲ್ಲಕ್ಕಿಂತ ಬಲವಾದ ಸೂಚನೆಯೆಂದರೆ ಹಿಂದಿನ ಬಸಿರಿನಲ್ಲೇ ಸಕ್ಕರೆ ಏರಿದ್ದುದು.

‘ಕುಚ್ಚಲಕ್ಕಿ ಗಂಜಿ ಉಣ್ಣುವ ನಮಗೇನು ಭಯ’ ಎಂಬ ಮಾತು ಉಡುಪಿ ಕಡೆಯ ಮನೆಗಳಲ್ಲಿ ಕೇಳಿಬರುತ್ತದೆ. ಕುಚ್ಚಲಕ್ಕಿಯೂ ಪಿಷ್ಟವೇ, ಬಟ್ಟಲ ಮೇಲೆ ಬಟ್ಟಲು ಉಂಡರೆ ಸಕ್ಕರೆ ಏರದಿರುವುದಿಲ್ಲ. ಹಾಗೆಂದು ಸೀಮಂತದ ದಿನ ತಿಂದ ಒಂದು ಹೋಳಿಗೆಯಿಂದ ಈ ರೋಗ ಬರುವುದೂ ಇಲ್ಲ.

ದಕ್ಷಿಣ ಏಷ್ಯಾದವರಲ್ಲಿ ಈ ಅಪಾಯ ಸಹಜವಾಗಿಯೇ ಹೆಚ್ಚಿರುವುದರಿಂದ ನಮ್ಮಲ್ಲಿ ಎಲ್ಲ ಗರ್ಭಿಣಿಯರನ್ನೂ ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಪರೀಕ್ಷಿಸುವ ಕ್ರಮವಿದೆ: 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, 2 ಗಂಟೆಯ ಬಳಿಕ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದೆಯೇ ಎಂದು ನೋಡುತ್ತಾರೆ.