ಸಿಂಗಪುರದ ಏಳನೇ ತಿಂಗಳು: ಅದು ಮಾಟ ಅಲ್ಲ, ಎಡೆ

ದಿನಾ ಸಂಜೆ ನಮ್ಮ ಫ್ಲ್ಯಾಟ್‌ಗಳ ಬ್ಲಾಕ್ ಕೆಳಗೆ ಕಾಗದ ಸುಡುತ್ತಾರೆ, ಹುಲ್ಲಿನ ಮೇಲೆ ಅನ್ನ, ಕಿತ್ತಳೆ ಇಟ್ಟು ಹೋಗುತ್ತಾರೆ, ಮನೆಯಲ್ಲಿ ಚಿಕ್ಕ ಮಗು ಇದೆ, ಇದೇನಾದರೂ ಮಾಟವಾ, ದೂರು ಕೊಡಲಾ ಅಂತ ಕೇಳಿದ್ದೀರಿ. ಹೆದರಬೇಡಿ. ಅದು ಇಲ್ಲಿನ ಚೀನೀಯರು ತೀರಿಹೋದವರಿಗೆ ಇಡುವ ಎಡೆ.

ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ತೀರಿಹೋದವರು ಈ ಕಡೆ ಬಂದು ಹೋಗುತ್ತಾರೆ ಅನ್ನುವುದು ಅವರ ನಂಬಿಕೆ. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ನಮ್ಮ ಪಕ್ಷದ ಹಬ್ಬದ ಹಾಗೇ ಅಲ್ವಾ? ಆದರೆ ಅವರು ಬರೀ ತಮ್ಮ ಹಿರಿಯರಿಗೆ ಇಟ್ಟು ಸುಮ್ಮನಾಗುವುದಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತವರಿಗೂ ಇಡುತ್ತಾರೆ. ಅದಕ್ಕೇ ರಸ್ತೆ ಬದಿಯಲ್ಲಿ ಅನ್ನ. ನನಗೆ ಈ ಪದ್ಧತಿಯ ಮೇಲೆ ಗೌರವ ಹುಟ್ಟಿದ್ದೇ ಇದರಿಂದ.

ನಮ್ಮ ಪಕ್ಕದ ಮನೆ ಆಂಟಿಯನ್ನು ಪ್ರತಿ ವರ್ಷ ನೋಡುತ್ತೇನೆ. ತೀರಿಹೋದ ಗಂಡನಿಗೆ ಕಾಗದದ ಅಂಗಿ, ಕಾಗದದ ಮೊಬೈಲ್, ಪರಲೋಕದ ಬ್ಯಾಂಕಿನ ನೋಟಿನ ಕಟ್ಟು ಸುಡುತ್ತಾರೆ, ಸುಟ್ಟಿದ್ದು ಅವರಿಗೆ ತಲುಪುತ್ತದಂತೆ. ಕಟ್ಟನ್ನು ಹಾಗೇ ಹಾಕುವುದಿಲ್ಲ. ಒಂದೊಂದೇ ನೋಟು ಬಿಡಿಸಿ ಉರಿಗೆ ಹಾಕುತ್ತಾರೆ. ಕೊನೆಗೆ ಸುತ್ತಲೂ ಟೀ ಸುರಿದು ಒಂದು ಗೆರೆ ಎಳೆಯುತ್ತಾರೆ, ಬೇರೆ ಆತ್ಮಗಳು ಕಿತ್ತುಕೊಳ್ಳಬಾರದಂತೆ. ಊರಲ್ಲಿ ನಮ್ಮಜ್ಜಿ ಎಡೆ ಇಟ್ಟು ಬಾಗಿಲು ಮುಚ್ಚಿ, ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಅಂತ ನಮ್ಮನ್ನೆಲ್ಲ ಜಗಲಿ ಮೇಲೆ ಕೂರಿಸುತ್ತಿದ್ದರು. ಆ ಟೀ ಗೆರೆ ಕಂಡಾಗೆಲ್ಲ ಅಜ್ಜಿ ನೆನಪಾಗುತ್ತಾರೆ.

ಹೊಗೆಯ ತೊಂದರೆ ನಿಜ. ಸಂಜೆ ಕಿಟಕಿ ಹಾಕಿಕೊಳ್ಳಿ, ಕೋಲಿನ ಮೇಲೆ ಒಣಗಲು ಹಾಕಿದ ಬಟ್ಟೆ ಬೇಗ ಒಳಗೆ ತನ್ನಿ, ಬೂದಿ ಹಾರಿ ಬರುತ್ತದೆ. ಸುಡುವುದಕ್ಕೆ ಟೌನ್ ಕೌನ್ಸಿಲ್, ಅಂದರೆ ನಮ್ಮ ಬ್ಲಾಕ್‌ಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ, ಕಬ್ಬಿಣದ ಡ್ರಮ್ ಇಟ್ಟಿರುತ್ತದೆ. ಯಾರಾದರೂ ಅದನ್ನು ಬಿಟ್ಟು ಹುಲ್ಲಿನ ಮೇಲೆ ಬೆಂಕಿ ಹಾಕಿದರೆ ತಿಳಿಸಿ, ತಪ್ಪಿಲ್ಲ. ಡ್ರಮ್‌ನಲ್ಲಿ ಸುಡುವವರ ಮೇಲೆ ದೂರು ಬೇಡ. ಎಡೆಯನ್ನು ತುಳಿಯದೆ, ದಾಟದೆ ಸುತ್ತಿ ಹೋಗುವುದನ್ನು ಮಗುವಿಗೆ ಕಲಿಸಿ. ಪೆಂಡಾಲ್‌ನಲ್ಲಿ ಗೆತಾಯ್, ಅಂದರೆ ಈ ತಿಂಗಳ ವೇದಿಕೆ ಹಾಡಿನ ಕಾರ್ಯಕ್ರಮ, ನಡೆಯುತ್ತಿದ್ದರೆ ಧಾರಾಳವಾಗಿ ಹೋಗಿ ಕೂತು ಕೇಳಿ, ಮುಂದಿನ ಸಾಲು ಮಾತ್ರ ಬೇಡ. ಅದು ಕಣ್ಣಿಗೆ ಕಾಣದ ಅತಿಥಿಗಳಿಗೆ.

ಬಿಡುವಾದಾಗ ವಾಟರ್‌ಲೂ ಸ್ಟ್ರೀಟ್‌ಗೂ ಹೋಗಿ ಬನ್ನಿ. ಅಲ್ಲಿ 1884ರ ಗುವಾನ್‌ಯಿನ್ ದೇವಿಯ ಗುಡಿ ಇದೆ, ಪಕ್ಕದಲ್ಲೇ ಅದಕ್ಕಿಂತ ಹಳೆಯ, 1870ರ ನಮ್ಮ ಕೃಷ್ಣನ ಗುಡಿ. ದೇವಿಗೆ ಕೈಮುಗಿದ ಚೀನೀ ಅಜ್ಜಿಯರು ಹಾಗೇ ಮುಂದೆ ಬಂದು, ಕೃಷ್ಣನ ಬಾಗಿಲಲ್ಲೂ ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ ನಿಂತಿರುತ್ತಾರೆ.