ದಾಸವಾಳ, ಚೌಕಳಿ ಸೀರೆ, ಮತ್ತೆ ನಾನು ಕೊಟ್ಟ ಒಂದು ತಪ್ಪು ಸಲಹೆ

ಕೌನ್ಸೆಲಿಂಗಿಗೆ ಅಂತ ನನ್ನ ಹತ್ರ ಬರೋ ಒಬ್ಬರ ಕತೆ ಇದು. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಿಸಿದೀನಿ. ಹೆಸರು ಬೇಡ, ನನ್ನ ನೋಟ್ಸಲ್ಲಿ "ದಾಸವಾಳದಮ್ಮ" ಅಂತ ಇದೆ, ಅದೇ ಇರ್ಲಿ.

ವಯಸ್ಸು 56, ಮೈಸೂರು ಕಡೆಯವ್ರು. ಹಾಸಿಗೆ ಹಿಡಿದಿದ್ದ ಅತ್ತೇನ 9 ವರ್ಷ ನೋಡ್ಕೊಂಡಿದ್ರು, ಅವರು ಹೋಗಿ 7 ತಿಂಗಳಾಗಿತ್ತು, ಅದೇ ಟೈಮಲ್ಲಿ ಮಗಳು ಕೆಲಸ ಸಿಕ್ಕಿ ಪುಣೆಗೆ ಹೋದ್ಲು. ಬೆಳಗ್ಗೆ ನಾಲ್ಕಕ್ಕೇ ಎಚ್ಚರ, ಊಟ ಸೇರಲ್ಲ, ಯಾರಾದ್ರೂ "ಈಗ ಆರಾಮಾಯ್ತಲ್ಲ ನಿಮಗೆ" ಅಂದ್ರೆ ಅಳು ಬರತ್ತೆ. "ಎಂಟು ಗಂಟೆ ಆದ್ರೆ ಕೈ ಮಾತ್ರೆ ಡಬ್ಬಿ ಹುಡುಕತ್ತೆ ಮೇಡಂ, ಡಬ್ಬೀನ ನಾನೇ ಎಸೆದಿದೀನಿ" ಅಂದ್ರು.

ಮೊದಲ ದಿನವೇ ಪಿಎಚ್‌ಕ್ಯೂ-9 ಫಾರ್ಮ್ (ಖಿನ್ನತೆ ಎಷ್ಟಿದೆ ಅಂತ ಅಳೆಯೋ ಪ್ರಶ್ನೆಪಟ್ಟಿ) ತುಂಬಿಸಿದೆ, 27ಕ್ಕೆ 12 ಬಂತು, ಅಂದ್ರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಮನೋವೈದ್ಯರ ಹತ್ರ ಕಳಿಸಿದೆ, ಥೈರಾಯ್ಡ್ ಟೆಸ್ಟೂ ಆಯ್ತು. ಸದ್ಯಕ್ಕೆ ಮಾತ್ರೆ ಬೇಡ, ಮಾತಾಡಿಸೋದು ಮುಂದುವರಿಸಿ, ತಿಂಗಳು ಬಿಟ್ಟು ನೋಡೋಣ ಅಂದ್ರು ಡಾಕ್ಟ್ರು. ಇದನ್ನ ಮೊದಲೇ ಹೇಳ್ತಿರೋದು ಯಾಕಂದ್ರೆ, ಹೂವಿನ ಫೋಟೋ ಎಡಿಟ್ ಮಾಡಿದ್ರೆ ಡಿಪ್ರೆಶನ್ ಹೋಗತ್ತೆ ಅಂತ ಯಾರೂ ಓದ್ಕೋಬಾರ್ದು.

ಮೂರನೇ ಸಲ ಬಂದಾಗ ಮಗಳ ಫೋಟೋ ತೋರಿಸ್ತೀನಿ ಅಂತ ಫೋನ್ ತೆಗೆದ್ರು, ಮಗಳು ಸಿಗ್ತಾನೇ ಇಲ್ಲ, ಬರೀ ಹೂವು. ದಾಸವಾಳ, ಶಂಖಪುಷ್ಪ, ನಂದಬಟ್ಟಲು, ಪಾರಿಜಾತ, ಸಾವಿರದ ನಾನೂರರ ಮೇಲೆ ಫೋಟೋ. ಏನಿದು ಅಂದೆ. ಅತ್ತೆಗೆ ಹಿತ್ತಲಿಗೆ ಬರೋಕಾಗ್ತಿರ್ಲಿಲ್ವಂತೆ, "ಇವತ್ತೇನು ಬಿಟ್ಟಿದೆಯೇ" ಅಂತ ದಿನಾ ಕೇಳೋರಂತೆ, ಅದಕ್ಕೆ ಪೂಜೆಗೆ ಕೀಳೋ ಮುಂಚೆ ಒಂದು ಫೋಟೋ ತೆಗೆದು ತೋರ್ಸೋದು. ಅತ್ತೆ ಹೋದ್ಮೇಲೂ ತೆಗೀತಾನೇ ಇದ್ರು. ಕೇಳೋರಿಲ್ಲ, ಆದ್ರೂ.

ಅದರ ಮಧ್ಯೆ ಒಂದು ಬೇರೆ ಥರ ಇತ್ತು. ಕೆಂಪು ದಾಸವಾಳದ ಎಸಳಿನ ಮೇಲೆ ಚೌಕಳಿ ಗೆರೆ, ಗೆರೆ ಹೂವಿನ ನರಗಳ ಜೊತೆ ಹೆಣೆದುಕೊಂಡ ಹಾಗೆ. ಮಗಳು ಫೋನಿಗೆ ಸ್ನ್ಯಾಪ್‌ಸೀಡ್ ಅನ್ನೋ ಫೋಟೋ ಎಡಿಟಿಂಗ್ ಆ್ಯಪ್ ಹಾಕಿಕೊಟ್ಟಿದ್ಲಂತೆ, ಅದರಲ್ಲಿ ಡಬಲ್ ಎಕ್ಸ್‌ಪೋಶರ್ ಅಂತ ಒಂದಿದೆ, ಒಂದು ಫೋಟೋ ಮೇಲೆ ಇನ್ನೊಂದನ್ನ ಕೂರಿಸಬಹುದು. ಬಿಳಿ ಪಂಚೆ ಮೇಲಿಟ್ಟು ತೆಗೆದ ಹೂವಿಗೆ ಅತ್ತೆಯ ಹಳೇ ಚೌಕಳಿ ಸೀರೆ ಫೋಟೋ ಕೂರಿಸಿದಾರೆ. ಅದರಲ್ಲಿ ಲೈಟನ್ ಅನ್ನೋ ಆಯ್ಕೆ ಇಟ್ರೆ ಸೀರೆಯ ಬಿಳಿ ಹೂವನ್ನೇ ನುಂಗಿಬಿಡತ್ತಂತೆ, ಡಾರ್ಕನ್ ಇಟ್ರೆ ಎರಡರಲ್ಲಿ ಗಾಢವಾಗಿರೋದು ಉಳ್ಕೊಳ್ಳತ್ತೆ, ಹಾಗಾಗಿ ಎಸಳೂ ಉಳೀತು ಗೆರೆಯೂ ಉಳೀತು. ಜೋರು ಬಿಸಿಲಲ್ಲಿ ದಾಸವಾಳ ತೆಗೆದ್ರೆ ಕೆಂಪು ಗಟ್ಟಿಯಾಗಿ ಮೆತ್ತಿಕೊಂಡು ನರವೇ ಕಾಣಲ್ಲ, ನೆರಳಲ್ಲಿ ತೆಗೆದು ಬ್ರೈಟ್‌ನೆಸ್ ಸ್ವಲ್ಪ ಇಳಿಸ್ಬೇಕು ಅಂತ ನನಗೇ ಪಾಠ ಆಯ್ತು. ಏಳು ತಿಂಗಳಲ್ಲಿ ಮೊದಲ ಸಲ ಅಷ್ಟು ಹೊತ್ತು ಅಳದೆ ಮಾತಾಡಿದ್ರೇನೋ.

ಇಲ್ಲಿ ನಾನು ಎಡವಿದೆ. ಖುಷೀಲಿ "ಫ್ಯಾಮಿಲಿ ಗ್ರೂಪಿಗೆ ಹಾಕಿ, ನಾಲ್ಕು ಜನ ನೋಡ್ಲಿ" ಅಂದ್ಬಿಟ್ಟೆ. ಹಾಕಿದ್ರು. ಎರಡು ಕೈಮುಗಿಯೋ ಎಮೋಜಿ, ಒಂದು ಗುಡ್ ಮಾರ್ನಿಂಗ್, ಆಮೇಲೆ ಮೈದುನನ ಮಗ "ದೊಡ್ಡಮ್ಮ ಇದು ಯಾವ ಫಿಲ್ಟರು, ಎಐಗೆ ಹೇಳಿದ್ರೆ ಒಂದ್ ಸೆಕೆಂಡಲ್ಲಿ ಬರತ್ತೆ" ಅಂದ. ಯಜಮಾನ್ರು "ಫೋನೇ ಮಾಡೋ ಕೆಲ್ಸಕ್ಕೆ ನಿಂದೇನು ದೊಡ್ಡಸ್ತಿಕೆ" ಅಂತ ನಕ್ಕಿದಾರೆ. 12 ದಿನ ಆ್ಯಪ್ ಮುಟ್ಟಿಲ್ಲ. ತಪ್ಪು ನಂದು ಅಂತ ಅವರ ಮುಂದೆ ಹೇಳಿದೆ, ಎಳೇ ಸಸೀನ ಬಿಸಿಲಿಗೆ ಇಟ್ಟಿದ್ದೆ.

ಅವತ್ತು ಮೇರಿ ಡೆಲಾನಿ ಕತೆ ಹೇಳಿದೆ. ಇಂಗ್ಲೆಂಡಿನವ್ರು, 1700ರಲ್ಲಿ ಹುಟ್ಟಿದ್ದು, 1768ರಲ್ಲಿ ಎರಡನೇ ಗಂಡ ತೀರ್ಕೊಂಡ್ರು. 72ರ ಸುಮಾರಿಗೆ ಒಂದಿನ ಜೆರೇನಿಯಂ ಎಸಳೂ ಒಂದು ಕೆಂಪು ಕಾಗದದ ಚೂರೂ ಒಂದೇ ಬಣ್ಣ ಅನ್ನೋದು ಕಣ್ಣಿಗೆ ಬಿತ್ತು, ಕತ್ತರಿ ತಗೊಂಡ್ರು. ಕಪ್ಪು ಹಾಳೆ ಮೇಲೆ ಕಾಗದದ ಚೂರು ಅಂಟಿಸಿ, ಕಣ್ಣು ಮಂಜಾಗೋವರೆಗೆ ಹತ್ತು ವರ್ಷದಲ್ಲಿ ಸಾವಿರಕ್ಕೆ ಸ್ವಲ್ಪ ಕಮ್ಮಿ ಹೂವು ಮಾಡಿದ್ರು, ಈಗ ಬ್ರಿಟಿಷ್ ಮ್ಯೂಸಿಯಮ್ಮಲ್ಲಿವೆ. ದಾಸವಾಳದಮ್ಮ ಕರಗ್ಲಿಲ್ಲ. "ಅವರು ಕೈಲಿ ಕತ್ತರಿಸಿದ್ರು ಮೇಡಂ, ನಂದು ಬೆರಳು ಸವರೋದು ಅಷ್ಟೇ." ನ್ಯಾಯವಾದ ಮಾತೇ.

ಹಾಗಾಗಿ ವಾದ ಮಾಡೋದು ಬಿಟ್ಟು ಕೆಲಸ ಕೊಟ್ಟೆ. ವಾರಕ್ಕೆ ಒಂದೇ ಹೂವು, ಅದನ್ನ ಐದು ಥರ ಮಾಡಿ, ರೆಡಿಮೇಡ್ ಫಿಲ್ಟರ್ ಮುಟ್ಟಬೇಡಿ, ಒಂದು ಇಟ್ಕೊಂಡು ನಾಲ್ಕು ಅಳಿಸಿ, ಆದ್ರೆ ಅಳಿಸೋ ಮುಂಚೆ ಯಾಕೆ ಅಂತ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೀರಿ. ಒಂದು ತಿಂಗಳು ಯಾರಿಗೂ ತೋರಿಸ್ಬೇಡಿ, ನನಗೂ. ಇನ್ನೊಂದು, ನಾಲ್ಕು ಗಂಟೆಗೆ ಎಚ್ಚರ ಆದಾಗ ಹಾಸಿಗೇಲೇ ಇದನ್ನ ಮಾಡ್ತಿದ್ರು, ಅದನ್ನ ಖಡಾಖಂಡಿತ ನಿಲ್ಲಿಸಿದೆ: ಫೋನ್ ರಾತ್ರಿ ಹಾಲಲ್ಲಿ ಚಾರ್ಜಿಗಿರ್ಲಿ, ಕೆಲಸ ಹಗಲಲ್ಲಿ, ಒಂದು ಸಲಕ್ಕೆ 40 ನಿಮಿಷ.

ತಿಂಗಳಾದ್ಮೇಲೆ ನೋಟ್‌ಬುಕ್ ತಂದ್ರು. "ಕೆಂಪು ಕಿರುಚ್ತಿದೆ." "ಸೀರೆ ಗೆದ್ದುಬಿಡ್ತು, ಹೂವು ಸೋತಿದೆ." "ಚೆನ್ನಾಗಿದೆ, ಆದ್ರೆ ಅಂಗಡಿ ಕ್ಯಾಲೆಂಡರ್ ಥರ ಇದೆ." ಮೂರನೇದು ಓದಿ ಜೋರಾಗಿ ನಕ್ಬಿಟ್ಟೆ. ಇದನ್ನ ಆ್ಯಪ್ ಬರೀತಾ ಅಂದೆ. ಅವರೂ ನಕ್ರು, ಆಮೇಲೆ ಸುಮ್ನಾಗಿ ಪುಟ ತಿರುವ್ತಾ ಕೂತ್ರು. ಉಳಿಸ್ಕೊಂಡಿದ್ದ ನಾಲ್ಕರಲ್ಲಿ ಮೂರು ಸಂಜೆ ಮುದುಡಿದ ದಾಸವಾಳ, ಮಡಚಿದ ಛತ್ರಿ ಥರ ಇರತ್ತಲ್ಲ, ಹಾಗೆ. "ಅರಳಿದ್ದು ದೇವ್ರಿಗೆ ಹೋಗತ್ತೆ, ಮುದುಡಿದ್ದು ನಂಗಿರ್ಲಿ" ಅಂದ್ರು. ಅತ್ತೆ ಬಗ್ಗೆ, ಕೊನೇ ದಿನಗಳ ಬಗ್ಗೆ, ಒಂದೆರಡು ಸಲ ಬೇಜಾರಲ್ಲಿ ಅವರನ್ನ ಗದರಿದ್ರ ಬಗ್ಗೆ ಅವತ್ತೇ ಮೊದಲ ಸಲ ಬಾಯಿ ಬಿಟ್ಟಿದ್ದು.

ಯಜಮಾನ್ರನ್ನ ಒಂದಿನ ಕರೆಸಿದೆ. ಹೊಗಳಿ ಅಂತ ಹೇಳ್ಲಿಲ್ಲ, ಸುಳ್ಳು ಹೊಗಳಿಕೆ ದಾಸವಾಳದಮ್ಮಂಗೆ ಗೊತ್ತಾಗ್ಬಿಡತ್ತೆ. "ಇದನ್ನ ಯಾಕೆ ಅಳಿಸಿದೆ ಅಂತ ಮಾತ್ರ ಕೇಳಿ ಸರ್, ಉತ್ತರ ಮುಗಿಯೋವರ್ಗೂ ಕೂತಿರಿ" ಅಂದೆ.

ಐದು ತಿಂಗಳಾದ್ಮೇಲೆ ಅದೇ ಫಾರ್ಮಲ್ಲಿ 6 ಬಂತು. ಅಷ್ಟರಲ್ಲಿ ವರ್ಷದ ತಿಥಿ ಮುಗಿದಿತ್ತು, ಮಗಳು ಬಂದು 15 ದಿನ ಇದ್ದು ಹೋಗಿದ್ಲು, ಯಾವುದು ಎಷ್ಟು ಕೆಲಸ ಮಾಡ್ತು ಅಂತ ನಾನು ಭಾಗ ಮಾಡಿ ಹೇಳೋಕಾಗಲ್ಲ. ನಾಲ್ಕು ಗಂಟೆ ಎಚ್ಚರ ಐದೂವರೆಗೆ ಬಂದಿದೆ. ಹೋದ ಸಲ ಬಂದಾಗ ಹೇಳ್ಕೊಂಡ ಸಮಸ್ಯೆ ಫೋನ್ ಸ್ಟೋರೇಜ್ ಫುಲ್ ಅನ್ನೋದು, ಸೆಶನ್ನಿನ ಅರ್ಧ ಟೈಮ್ ಹಳೇ ಫೋಟೋ ಅಳಿಸೋದ್ರಲ್ಲೇ ಹೋಯ್ತು. ಹೊರಗೆ ಕೂತಿದ್ದ ಯಜಮಾನ್ರದ್ದೂ ಒಂದು ದೂರು ಇತ್ತು: "ದಾಸವಾಳ ಸಂಜೆವರ್ಗೂ ಗಿಡದಲ್ಲೇ ಇರ್ಲಿ ಅಂತಾಳೆ ಮೇಡಂ, ಪೂಜೆಗೆ ನಾನೀಗ ಅಂಗಡಿಯಿಂದ ಹೂವು ತರ್ತಿದೀನಿ."